ಮುನ್ನೂರು ವರ್ಷ ಬಾಳಬೇಕಾದ ಕಡತ

ವಿದ್ಯುಚ್ಛಕ್ತಿಯ ವಿಷಯದಲ್ಲಿ ಮಲೆನಾಡಿನವರಾದ ನಮಗೆ ಒಂದು ವಿಶೇಷವಾದ ಸಂಬಂಧವೂ, ಆ ಸಂಬಂಧದಿಂದ ಒದಗಿದ ಒಂದು ವಿಶೇಷವಾದ ಹೊಣೆಯೂ ಉಂಟು. ಶರಾವತಿಯನ್ನು ಕಟ್ಟಿ ನಾಡಿಗೆಲ್ಲ ಬೆಳಕು ಕೊಟ್ಟ ಪ್ರಾಂತ ನಮ್ಮದು. ಆ ಬೆಳಕಿಗಾಗಿ ಮನೆಮಠ, ತೋಟ ಗದ್ದೆಗಳನ್ನು ನೀರಿಗೆ ಬಿಟ್ಟು ಬಂದ ಕುಟುಂಬಗಳು ಇಂದಿಗೂ ಶಿವಮೊಗ್ಗ ತಾಲ್ಲೂಕಿನ ಹಳ್ಳಿಗಳಲ್ಲಿ ವಾಸವಾಗಿವೆ. ಅದೇ ತಂತಿಗಳ ಜಾಲದಲ್ಲಿ 2000ನೆಯ ಇಸವಿಯಿಂದ ಈಚೆಗೆ ಕೈಗಾದ ಅಣುವಿದ್ಯುತ್ತೂ ಬೆರೆತು ಹರಿಯುತ್ತಿದೆ. ಕುಂಸಿಯ ಅಂಗಡಿಬೀದಿಯಲ್ಲಿ ಸಂಜೆ ಹೊತ್ತಿಕೊಳ್ಳುವ ದೀಪದಲ್ಲಿ ಎಷ್ಟು ಪಾಲು ನದಿಯದು, ಎಷ್ಟು ಪಾಲು ಯುರೇನಿಯಮ್ಮಿನದು ಎಂದು ಬೇರ್ಪಡಿಸಿ ಹೇಳುವುದು ಯಾರಿಂದಲೂ ಆಗದು. ಉಪಭೋಗವು ಹೀಗೆ ಅವಿಭಾಜ್ಯವಾಗಿರುವಾಗ, ಅದರ ಶೇಷದ ಹೊಣೆಯೊಂದನ್ನು ಮಾತ್ರ ವಿಭಾಗಿಸಿ, ಅದು ಕಾರವಾರದವರದು, ಅದು ಮುಂಬಯಿಯ ವಿಜ್ಞಾನಿಗಳದು ಎಂದು ಕೈತೊಳೆದುಕೊಳ್ಳುವುದು ನ್ಯಾಯವಾಗಲಾರದು.

ಕೇಂದ್ರ ಸರ್ಕಾರವು 2047ರ ವೇಳೆಗೆ ಒಂದು ಲಕ್ಷ ಮೆಗಾವಾಟ್ ಅಣುವಿದ್ಯುತ್ ಸಾಮರ್ಥ್ಯದ ಗುರಿಯನ್ನು 2025ರ ಆಯವ್ಯಯ ಪತ್ರದಲ್ಲಿ ಸಾರಿದೆ. ಕೈಗಾದಲ್ಲಿ ಈಗಿರುವ ತಲಾ 220 ಮೆಗಾವಾಟಿನ ನಾಲ್ಕು ಘಟಕಗಳ ಪಕ್ಕದಲ್ಲಿ ತಲಾ 700 ಮೆಗಾವಾಟಿನ ಇನ್ನೆರಡು ಎದ್ದು ನಿಲ್ಲಲಿವೆ. ಇಂಥ ಸಮಯದಲ್ಲಿ ಅಣುತ್ಯಾಜ್ಯದ ವಿಚಾರವನ್ನು ಸಾರ್ವಜನಿಕರು ತಮ್ಮ ವಿಚಾರವೆಂದು ಎತ್ತಿಕೊಳ್ಳದೆ ಹೋದರೆ, ಮುಂದೆ ಎತ್ತಿಕೊಳ್ಳುವ ಅವಕಾಶವೇ ತಪ್ಪಿಹೋಗಬಹುದು. ನನ್ನ ಅಭಿಪ್ರಾಯ ಇಷ್ಟು: ಈ ತ್ಯಾಜ್ಯವನ್ನು ಕಟ್ಟಿ, ಕದಲದಂತೆ ಮಾಡಿ, ಮುಚ್ಚಿಡುವ ಶಿಲ್ಪವು ನಮ್ಮ ದೇಶಕ್ಕೆ ಬಹುಮಟ್ಟಿಗೆ ಕರಗತವಾಗಿದೆ, ಅದನ್ನು ಎಲ್ಲಿ, ಯಾರ ಸಮ್ಮತಿಯಿಂದ, ಎಂಥ ದಾಖಲೆಯೊಡನೆ ಇಡತಕ್ಕದ್ದು ಎಂಬ ವಿವೇಕವು ಇನ್ನೂ ಕರಗತವಾಗಿಲ್ಲ, ಎರಡನೆಯದಿಲ್ಲದೆ ಮೊದಲನೆಯದು ಪೂರ್ಣವಾಗುವುದಿಲ್ಲ.

ಮೊದಲು ವಸ್ತುಸ್ಥಿತಿಯನ್ನು ತಿಳಿಯೋಣ. ವಿಕಿರಣವುಳ್ಳ ಪದಾರ್ಥವನ್ನು ಸುಟ್ಟು ನಾಶಮಾಡಲಾಗದು, ರಾಸಾಯನಿಕ ಕ್ರಿಯೆಯಿಂದ ಶಮನಗೊಳಿಸಲಾಗದು; ಅದು ತನ್ನ ಕಾಲಕ್ಕೆ ತಾನು ಕ್ಷಯಿಸಬೇಕು. ಆ ಕ್ಷಯದ ಗತಿಯನ್ನು ಅರ್ಧಾಯುಷ್ಯವೆಂಬ ಮಾನದಿಂದ ಅಳೆಯುತ್ತಾರೆ. ಸೀಸಿಯಂ-137ರ ಅರ್ಧಾಯುಷ್ಯ ಸುಮಾರು 30 ವರ್ಷ. ಸ್ಟ್ರಾನ್ಷಿಯಂ-90ರದು ಸುಮಾರು 29. ಪ್ಲುಟೋನಿಯಂ-239 ಅರ್ಧಕ್ಕಿಳಿಯಲು 24,000 ವರ್ಷಗಳಿಗೂ ಮಿಕ್ಕ ಕಾಲ ಬೇಕು. ಟೆಕ್ನೀಷಿಯಂ-99ಕ್ಕೆ ಎರಡು ಲಕ್ಷ ವರ್ಷಕ್ಕೂ ಹೆಚ್ಚು. ಅಯೋಡಿನ್-129ಕ್ಕೆ ಒಂದೂವರೆ ಕೋಟಿ ವರ್ಷ. ಆದುದರಿಂದ ಅಣುತ್ಯಾಜ್ಯವೆಂಬುದು ಒಂದೇ ಬಗೆಯ ವಸ್ತುವಲ್ಲ. ಮನುಷ್ಯನ ಸಂಸ್ಥೆಗಳು ಕಾದು ಕುಳಿತುಕೊಳ್ಳಬಹುದಾದಷ್ಟು ಕಾಲದ ತ್ಯಾಜ್ಯ ಒಂದು. ಮನುಷ್ಯನ ಯಾವ ಸಂಸ್ಥೆಯನ್ನೂ ನಂಬಲಾಗದೆ ಭೂಗರ್ಭದ ಶಿಲೆಯನ್ನೇ ನಂಬಬೇಕಾದಷ್ಟು ಕಾಲದ ತ್ಯಾಜ್ಯ ಇನ್ನೊಂದು. ಈ ವಿವೇಚನೆಯಿಲ್ಲದೆ ಮಾಡಿದ ಹೊಗಳಿಕೆಯೂ ತೆಗಳಿಕೆಯೂ ಸಮನಾಗಿ ನಿರರ್ಥಕ.

ಕೈಗಾದಂಥ ಸ್ಥಾವರದಲ್ಲಿ ದಿನನಿತ್ಯ ಹುಟ್ಟುವುದು ಬಹುಪಾಲು ಮೊದಲನೆಯ ಬಗೆಯದು: ಕೆಲಸಗಾರರ ಕೈಗವಸುಗಳು, ಒರಸಿದ ಬಟ್ಟೆಗಳು, ಗಾಳಿಯನ್ನೂ ನೀರನ್ನೂ ಸೋಸಿದ ಶೋಧಕಗಳು, ನೀರಿನಿಂದ ವಿಕಿರಣಧಾತುಗಳನ್ನು ಹಿಡಿದಿಟ್ಟ ರಾಳಗಳು, ದುರಸ್ತಿಯಲ್ಲಿ ತೆಗೆದ ಬಿಡಿಭಾಗಗಳು. ಇವುಗಳಲ್ಲಿ ಒತ್ತಿ ಕುಗ್ಗಿಸಬಹುದಾದದ್ದನ್ನು ಕುಗ್ಗಿಸಿ, ಸುಡಬಹುದಾದದ್ದನ್ನು ಸುಟ್ಟು ಬೂದಿಯನ್ನು ಹಿಡಿದಿಟ್ಟು, ಕೆಸರನ್ನೂ ಸಾಂದ್ರಗೊಳಿಸಿದ ದ್ರವವನ್ನೂ ಸಿಮೆಂಟಿನಲ್ಲಿ ಕಲಸಿ ಗಟ್ಟಿಮಾಡಿ, ಪೀಪಾಯಿಗಳಲ್ಲಿ ತುಂಬುವುದು ಪದ್ಧತಿ. ಆಮೇಲೆ ವಿಕಿರಣದ ತೀವ್ರತೆಗೆ ತಕ್ಕಂತೆ ಅವನ್ನು ಮಣ್ಣಿನ ಕಂದಕಗಳಲ್ಲಿ, ಕಬ್ಬಿಣ ಹುದುಗಿಸಿದ ಕಾಂಕ್ರೀಟಿನ ಕಂದಕಗಳಲ್ಲಿ, ಇಲ್ಲವೆ ಟೈಲ್ ಹೋಲ್ ಎಂದು ಆ ಕಸುಬಿನವರು ಕರೆಯುವ, ಉಕ್ಕಿನ ಹೊದಿಕೆಯುಳ್ಳ ಆಳವಾದ ಕೊಳವೆಗುಂಡಿಗಳಲ್ಲಿ ಇರಿಸುತ್ತಾರೆ. ಭಾರತದಲ್ಲಿ ಈ ಮೇಲ್ನೆಲದ ನಿಕ್ಷೇಪಗಳು ಸಾಮಾನ್ಯವಾಗಿ ಸ್ಥಾವರದ ಆವರಣದಲ್ಲಿಯೇ ಇರುತ್ತವೆ. ಸುತ್ತ ಕೊಳವೆಬಾವಿಗಳನ್ನು ತೋಡಿ ಅಂತರ್ಜಲವನ್ನು ಪರೀಕ್ಷಿಸುತ್ತಿರುತ್ತಾರೆ. ಇಂಥ ನೆಲವನ್ನು ಮುನ್ನೂರು ವರ್ಷಗಳ ಕಾಲ ಕಾಯಬೇಕೆಂಬುದು ಅಂಗೀಕೃತವಾದ ಲೆಕ್ಕ. ಲೆಕ್ಕದ ಮೂಲ ಸರಳ: ಮುನ್ನೂರು ವರ್ಷವೆಂದರೆ ಸೀಸಿಯಮ್ಮಿಗೆ ಹತ್ತು ಅರ್ಧಾಯುಷ್ಯ, ಹತ್ತು ಬಾರಿ ಅರ್ಧವಾಗುವುದರೊಳಗೆ ಆದಿಯಲ್ಲಿದ್ದುದು ಸಾವಿರದ ಒಂದು ಪಾಲಿಗಿಂತಲೂ ಕಡಮೆಯಾಗಿರುತ್ತದೆ.

ಸಿಮೆಂಟಿನ ಮಾತು ಬಂದಾಗ ಭದ್ರಾವತಿಯ ವಾಚಕರಿಗೆ ಒಂದು ಸಂಗತಿಯನ್ನು ಜ್ಞಾಪಿಸಬೇಕು. ಕಬ್ಬಿಣದ ಊದುಕುಲುಮೆಯಿಂದ ಹೊರಬೀಳುವ ಕಿಟ್ಟವನ್ನು ನುಣ್ಣಗೆ ಅರೆದು ಸಿಮೆಂಟಿಗೆ ಬೆರೆಸಿದರೆ, ಅದು ಗಟ್ಟಿಗೊಳ್ಳುವಾಗ ಏಳುವ ಕಾವು ತಗ್ಗುತ್ತದೆ, ಒಳಗಣ ರಂಧ್ರಗಳು ಕಿರಿದಾಗುತ್ತವೆ, ನೀರು ನುಸುಳುವುದು ಕಷ್ಟವಾಗುತ್ತದೆ. ಈ ಕಾರಣದಿಂದಲೇ ಇಂಗ್ಲೆಂಡಿನ ಸೆಲ್ಲಾಫೀಲ್ಡ್ ಮೊದಲಾದ ಕಡೆಗಳಲ್ಲಿ ಮಧ್ಯಮ ತೀವ್ರತೆಯ ತ್ಯಾಜ್ಯವನ್ನು ಬಂಧಿಸಲು ಕಿಟ್ಟದ ಸಿಮೆಂಟನ್ನೇ ಆರಿಸಿಕೊಂಡರು. ನಮ್ಮ ಜಿಲ್ಲೆಯ ಜನ ಮೂರು ನಾಲ್ಕು ತಲೆಮಾರುಗಳಿಂದ ನೋಡುತ್ತ ಬಂದಿರುವ ಪದಾರ್ಥವೇ ಈ ಮಹತ್ಕಾರ್ಯದಲ್ಲಿ ಉಪಯುಕ್ತವಾಗಿದೆಯೆಂದರೆ, ಇದು ನಮ್ಮ ಬುದ್ಧಿಗೆ ಎಟುಕದ ಮಂತ್ರವಿದ್ಯೆಯಲ್ಲ ಎಂಬುದು ಸ್ಪಷ್ಟ.

ಎರಡನೆಯ ಬಗೆಯ ತ್ಯಾಜ್ಯ ಹುಟ್ಟುವುದು ಉರಿದು ಮುಗಿದ ಇಂಧನದಿಂದ. ಕೈಗಾದ ಈಗಿನ ಘಟಕಗಳಲ್ಲಿ ಪ್ರತಿಯೊಂದಕ್ಕೂ 306 ನಾಳಗಳಿವೆ. ಒಂದೊಂದು ನಾಳದಲ್ಲಿ, ಸುಮಾರು ಅರ್ಧ ಮೀಟರ್ ಉದ್ದದ, 19 ಕಡ್ಡಿಗಳನ್ನು ಜೋಡಿಸಿದ ಹನ್ನೆರಡು ಇಂಧನದ ಕಟ್ಟುಗಳು ಸಾಲಾಗಿರುತ್ತವೆ. ಉರಿದ ಕಟ್ಟುಗಳನ್ನು ವರ್ಷಗಟ್ಟಲೆ ನೀರಿನ ಕೊಳದಲ್ಲಿ ತಣಿಸುತ್ತಾರೆ. ಭಾರತದ ನೀತಿಯಂತೆ ಇಂಥ ಇಂಧನವು ಕಸವಲ್ಲ; ಅದನ್ನು ಆಮ್ಲದಲ್ಲಿ ಕರಗಿಸಿ ಯುರೇನಿಯಮ್ಮನ್ನೂ ಪ್ಲುಟೋನಿಯಮ್ಮನ್ನೂ ಬೇರ್ಪಡಿಸಿ ಮತ್ತೆ ಬಳಸತಕ್ಕದ್ದು. ಬೇರ್ಪಡಿಸಿದ ಮೇಲೆ ಉಳಿಯುವ ದ್ರವವು ಗಾತ್ರದಲ್ಲಿ ಅತ್ಯಲ್ಪವಾದರೂ, ಅಣುವಿದ್ಯುತ್ತಿನ ಎಲ್ಲ ತ್ಯಾಜ್ಯದ ವಿಕಿರಣದಲ್ಲಿ ನೂರಕ್ಕೆ ತೊಂಬತ್ತೈದು ಪಾಲನ್ನು ತನ್ನಲ್ಲಿ ಅಡಗಿಸಿಕೊಂಡಿರುತ್ತದೆ. ದ್ರವವೆಂದರೆ ಚಲಿಸುವುದು, ಸೋರುವುದು, ತೊಟ್ಟಿಯನ್ನು ತಿನ್ನುವುದು. 1957ರ ಸೆಪ್ಟೆಂಬರಿನಲ್ಲಿ ಸೋವಿಯತ್ ದೇಶದ ಮಾಯಾಕ್ ಕಾರ್ಖಾನೆಯಲ್ಲಿ ತಣಿಸುವ ಏರ್ಪಾಡು ಕೆಟ್ಟ ಒಂದು ತೊಟ್ಟಿ ಸಿಡಿದು ವಿಸ್ತಾರವಾದ ಪ್ರದೇಶವನ್ನು ಕೆಡಿಸಿದ ಮೇಲೆ, ಇಂಥ ದ್ರವವನ್ನು ಬಹುಕಾಲ ದ್ರವವಾಗಿಯೇ ಬಿಡಬಾರದೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕಿರಲಿಲ್ಲ.

ಅದಕ್ಕೆ ಕಂಡುಕೊಂಡ ಉಪಾಯವೇ ಗಾಜು. ದ್ರವದ ನೀರನ್ನು ಆರಿಸಿ, ಉಳಿದ ಲವಣಗಳನ್ನು ಆಕ್ಸೈಡುಗಳಾಗಿ ಮಾಡಿ, ಬೋರಾನ್ ಮತ್ತು ಸಿಲಿಕಾ ಬೆರೆತ ಗಾಜಿನ ಸಾಮಗ್ರಿಯೊಡನೆ ಸುಮಾರು ಸಾವಿರ ಡಿಗ್ರಿಯ ಕಾವಿನಲ್ಲಿ ಕರಗಿಸಿದರೆ, ವಿಕಿರಣಧಾತುಗಳು ಗಾಜಿನ ಪರಮಾಣುಗಳ ಹೆಣಿಗೆಯೊಳಗೇ ಸ್ಥಾನ ಪಡೆಯುತ್ತವೆ. ಒಬ್ಬಟ್ಟಿನೊಳಗೆ ಹೂರಣವಿರುವಂತೆ ಗಾಜಿನೊಳಗೆ ತ್ಯಾಜ್ಯವಿರುತ್ತದೆಂದು ತಿಳಿಯಬಾರದು. ಪಾಯಸದಲ್ಲಿ ಬೆಲ್ಲವಿರುವಂತೆ ಅದು ಕರಗಿ ಒಂದಾಗಿರುತ್ತದೆ. ಹೊದಿಕೆ ಹರಿದರೆ ಒಳಗಿನದು ಚೆಲ್ಲಿಹೋಗುವ ಭಯ ಇಲ್ಲಿಲ್ಲ. ಗಾಜು ಒಡೆದರೂ ಪ್ರತಿಯೊಂದು ಚೂರೂ ತನ್ನ ಪಾಲನ್ನು ಬಿಗಿಹಿಡಿದಿರುತ್ತದೆ. ನೀರು ತಗುಲಿದರೂ ಅದು ಕರಗುವ ವೇಗ ಅತ್ಯಂತ ಮಂದ. ಫ್ರಾನ್ಸು 1978ರಲ್ಲಿ ಮಾರ್ಕೂಲಿನಲ್ಲಿ ಇದನ್ನು ಕೈಗಾರಿಕೆಯ ಪ್ರಮಾಣದಲ್ಲಿ ಆರಂಭಿಸಿತು. ಭಾರತವು ತಾರಾಪುರ, ಟ್ರಾಂಬೆ, ಕಲ್ಪಾಕ್ಕಂಗಳಲ್ಲಿ ಈ ಕಾರ್ಯಾಗಾರಗಳನ್ನು ಸ್ವಂತ ಬಲದಿಂದ ಕಟ್ಟಿಕೊಂಡಿದೆ. ಟ್ರಾಂಬೆಯ ಹಳೆಯ ತ್ಯಾಜ್ಯದಲ್ಲಿ ಗಂಧಕದ ಲವಣಗಳು ಹೆಚ್ಚಿದ್ದು ಸಾಮಾನ್ಯ ಗಾಜಿನಲ್ಲಿ ಬೆರೆಯದೆ ಹೋದಾಗ, ಬೇರಿಯಂ ಸೇರಿಸಿದ ಬೇರೊಂದು ಗಾಜನ್ನೇ ನಮ್ಮ ವಿಜ್ಞಾನಿಗಳು ರೂಪಿಸಿದರು. ಅದೇ ತ್ಯಾಜ್ಯದಿಂದ ಸೀಸಿಯಮ್ಮನ್ನು ಬೇರ್ಪಡಿಸಿ, ಗಾಜಿನ ಕಡ್ಡಿಗಳಾಗಿ ಮಾಡಿ, ಆಸ್ಪತ್ರೆಗಳಲ್ಲಿ ರಕ್ತವನ್ನು ಸಂಸ್ಕರಿಸುವ ಯಂತ್ರಗಳಿಗೆ ಒದಗಿಸಿದರು. ಇದು ಗೌರವಕ್ಕೆ ಯೋಗ್ಯವಾದ ಸಾಧನೆ. ಅದನ್ನು ಮನಸಾರೆ ಒಪ್ಪಿಕೊಂಡ ಮೇಲೆಯೇ ನನ್ನ ಆಕ್ಷೇಪವನ್ನು ಹೇಳುತ್ತೇನೆ.

ಗಾಜನ್ನು ತುಕ್ಕುಹಿಡಿಯದ ಉಕ್ಕಿನ ಡಬ್ಬಿಗಳಲ್ಲಿ ಹೊಯ್ದು, ಮುಚ್ಚಳವನ್ನು ಬೆಸೆದು, ಅಂಥ ಡಬ್ಬಿಗಳನ್ನು ಮತ್ತೊಂದು ಉಕ್ಕಿನ ಹೊರಕೋಶದಲ್ಲಿ ಇಟ್ಟು, ತಾನಾಗಿ ಏರಿ ಇಳಿಯುವ ಗಾಳಿಯಿಂದಲೇ ತಂಪಾಗುವ ನೆಲಮಾಳಿಗೆಯಲ್ಲಿ ಮೂವತ್ತು ವರ್ಷವೋ ಅದಕ್ಕೂ ಹೆಚ್ಚೋ ಕಾಲ ಕಾಪಾಡುತ್ತಾರೆ. ತರುವಾಯ ಏನು? ತರುವಾಯ ಭೂಗರ್ಭ. ಫಿನ್ಲೆಂಡ್ ದೇಶವು ಓಲ್ಕಿಲುಓಟೋ ಎಂಬಲ್ಲಿ ನೂರೆಂಬತ್ತು ಕೋಟಿ ವರ್ಷಕ್ಕೂ ಹಳೆಯದಾದ ಶಿಲೆಯಲ್ಲಿ, ನಾನೂರು ಮೀಟರಿಗೂ ಹೆಚ್ಚು ಆಳದಲ್ಲಿ, ಒಂಕಾಲೋ ಎಂಬ ನಿಕ್ಷೇಪವನ್ನು ಕೊರೆದು ಸಿದ್ಧಪಡಿಸಿದೆ. ಅಲ್ಲಿ ಉರಿದ ಇಂಧನವನ್ನು ಎರಕದ ಕಬ್ಬಿಣದ ಒಳಗೂಡಿನಲ್ಲಿರಿಸಿ, ಅದನ್ನು ದಪ್ಪನೆಯ ತಾಮ್ರದ ಕೋಶದಲ್ಲಿ ಮುಚ್ಚಿ, ನೀರು ತಗುಲಿದೊಡನೆ ಉಬ್ಬಿ ಬಿರುಕುಗಳನ್ನೆಲ್ಲ ತುಂಬುವ ಬೆಂಟೊನೈಟ್ ಎಂಬ ಜೇಡಿಯನ್ನು ಸುತ್ತ ಒತ್ತಿ ಇಡುವ ಕ್ರಮ. ಕಬ್ಬಿಣ ಭಾರವನ್ನು ಹೊರುತ್ತದೆ. ತಾಮ್ರ ತುಕ್ಕನ್ನು ತಡೆಯುತ್ತದೆ. ಜೇಡಿ ನೀರನ್ನು ನಿಲ್ಲಿಸುತ್ತದೆ. ಶಿಲೆ ಕಾಲವನ್ನು ತಡೆಯುತ್ತದೆ. ಒಂದು ಸೋತರೆ ಇನ್ನೊಂದು ನಿಲ್ಲಬೇಕೆಂಬುದು ಈ ವಿಧಾನದ ಸೂತ್ರ. ಪ್ರಕೃತಿಯಲ್ಲಿಯೂ ಇದಕ್ಕೊಂದು ದೃಷ್ಟಾಂತವಿದೆ: ಆಫ್ರಿಕದ ಗ್ಯಾಬನ್ ದೇಶದ ಓಕ್ಲೋ ಗಣಿಯಲ್ಲಿ ಸುಮಾರು ಇನ್ನೂರು ಕೋಟಿ ವರ್ಷಗಳ ಹಿಂದೆ ಯುರೇನಿಯಂ ಅದಿರು ತನಗೆ ತಾನೇ ಅಣುಕುಲುಮೆಯಾಗಿ ಉರಿದಿತ್ತೆಂದು 1972ರಲ್ಲಿ ಗೊತ್ತಾಯಿತು, ಆಗ ಹುಟ್ಟಿದ ಪ್ಲುಟೋನಿಯಂ ಮೊದಲಾದ ಅನೇಕ ಧಾತುಗಳು ಹುಟ್ಟಿದೆಡೆಯಿಂದ ಹೆಚ್ಚು ದೂರ ಹೋಗದೆ ಅಲ್ಲಿಯೇ ಕ್ಷಯಿಸಿದ್ದುವು.

ಹಳೆಯ ಶಿಲೆ ಬೇಕೆಂದರೆ ಕರ್ನಾಟಕದಲ್ಲಿ ಅದಕ್ಕೆ ಬರವಿಲ್ಲ. ಕುಂಸಿಯ ಆಸುಪಾಸಿನಲ್ಲಿ ಮ್ಯಾಂಗನೀಸ್ ಅದಿರನ್ನು ಕೊಟ್ಟ ಶಿವಮೊಗ್ಗದ ಶಿಲಾಪಟ್ಟಿಯೂ, ಅದರ ಕೆಳಗೆ ಹಾಸಿರುವ ನೈಸ್ ಶಿಲೆಯೂ ಭೂಮಂಡಲದ ಅತಿ ಪುರಾತನ ಶಿಲೆಗಳ ಸಾಲಿಗೆ ಸೇರಿದವು. ಕೋಲಾರದ್ದೂ ಅಂಥದೇ. ಕೋಲಾರದ ಚಿನ್ನದ ಗಣಿಯ ಕೆಲಸ ನಿಂತಿದ್ದ ಒಂದು ಭಾಗದಲ್ಲಿ, ಸಾವಿರ ಮೀಟರ್ ಆಳದಲ್ಲಿ, ಅಣುಶಕ್ತಿ ಇಲಾಖೆಯ ವಿಜ್ಞಾನಿಗಳು ಎಂಟು ವರ್ಷಗಳ ಕಾಲ ಒಂದು ಪ್ರಯೋಗವನ್ನು ನಡೆಸಿದ್ದುಂಟು. ತ್ಯಾಜ್ಯವನ್ನು ಒಯ್ಯದೆ, ವಿದ್ಯುತ್ತಿನ ಕಾವುಗೋಲುಗಳನ್ನು ಶಿಲೆಯಲ್ಲಿ ಹುಗಿದು, ಕಾವಿಗೆ ಶಿಲೆ ಹೇಗೆ ಹಿಗ್ಗುತ್ತದೆ, ಹೇಗೆ ಒತ್ತಡವನ್ನು ತಾಳುತ್ತದೆ ಎಂಬುದನ್ನು ಅಳೆದ ಪ್ರಯೋಗವದು. ವಿಜ್ಞಾನದ ದೃಷ್ಟಿಯಿಂದ ಅದು ಸಾಧುವಾದದ್ದು, ಅವಶ್ಯವಾದದ್ದು. ಆದರೆ ನಾಡಿನ ಜನಸಾಮಾನ್ಯರಲ್ಲಿ ಎಷ್ಟು ಮಂದಿಗೆ ಅದರ ಅರಿವಿತ್ತು?

ಅರಿವಿಲ್ಲದುದರ ಫಲವನ್ನು 2012ರ ನವೆಂಬರಿನಲ್ಲಿ ನೋಡಿದೆವು. ಕೂಡಂಕುಳಂ ಸ್ಥಾವರದ ಮೊಕದ್ದಮೆ ಸುಪ್ರೀಂ ಕೋರ್ಟಿನಲ್ಲಿ ನಡೆಯುತ್ತಿದ್ದಾಗ, ಅದರ ತ್ಯಾಜ್ಯವನ್ನು ಕೋಲಾರದ ಮುಚ್ಚಿದ ಚಿನ್ನದ ಗಣಿಯಲ್ಲಿ ಇಡುವ ಮಾತು ಕೇಂದ್ರದ ಪರವಾಗಿ ಹೊರಬಿತ್ತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿ ಜೀವನೋಪಾಯವನ್ನು ಕಳೆದುಕೊಂಡಿದ್ದ ಊರು, ತನ್ನ ನೆಲದ ಮುಂದಿನ ಗತಿಯನ್ನು ದೂರದ ನ್ಯಾಯಾಲಯವೊಂದರ ವರದಿಯಿಂದ ತಿಳಿಯಬೇಕಾಯಿತು. ಜನ ಬೀದಿಗಿಳಿದರು, ಕೋಲಾರ ಸೀಮೆಯಲ್ಲಿ ಪ್ರತಿಭಟನೆಗಳು ನಡೆದುವು, ರಾಜ್ಯದ ಮುಖಂಡರೂ ವಿರೋಧಿಸಿದರು, ಕೆಲವು ದಿನಗಳಲ್ಲಿ ಅಂಥ ಯೋಜನೆ ಇಲ್ಲವೆಂಬ ಸಮಾಧಾನದ ಮಾತು ಬಂತು. ಹೀಗೆ ಹೇಳಿ ಹಿಂದೆಗೆದುಕೊಂಡ ಮಾತು ಜನರ ಮನಸ್ಸಿನಲ್ಲಿ ಬಿಟ್ಟುಹೋಗುವುದು ಸಂಶಯವನ್ನು. ಮುಂದೆ ಎಂದಾದರೂ ವಿಜ್ಞಾನಿಗಳು ಶುದ್ಧ ಸತ್ಯವನ್ನೇ ನುಡಿದರೂ, ಆ ಸೀಮೆಯಲ್ಲಿ ಅದನ್ನು ನಂಬುವವರು ವಿರಳವಾದಾರು.

ಕೋಲಾರದವರ ವಿರೋಧವನ್ನು ಅಜ್ಞಾನದ ಕೂಗೆಂದು ತಳ್ಳಿಹಾಕಿದವರಿದ್ದರು. ಅದು ಅನ್ಯಾಯ. ಹಳೆಯ ಗಣಿಯೇ ಬೇರೆ, ನಿಕ್ಷೇಪಕ್ಕೆಂದೇ ಅಕ್ಷತವಾದ ಶಿಲೆಯಲ್ಲಿ ಎಚ್ಚರದಿಂದ ಕೊರೆದ ಸುರಂಗವೇ ಬೇರೆ. ನೂರಿಪ್ಪತ್ತು ವರ್ಷ ಅಗೆದು, ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು, ಶಿಲಾಸ್ಫೋಟಗಳಿಂದ ಅದುರಿ, ಮುಚ್ಚಿದ ಮೇಲೆ ನೀರು ತುಂಬಿಕೊಂಡ ಗಣಿಯಲ್ಲಿ ನೀರಿನ ದಾರಿಗಳನ್ನು ಊಹಿಸುವುದು ದುಸ್ಸಾಧ್ಯ. ಜರ್ಮನಿಯ ಆಸೆ ಎಂಬ ಹಳೆಯ ಉಪ್ಪಿನ ಗಣಿಯಲ್ಲಿ 1967ರಿಂದ 1978ರವರೆಗೆ ಒಂದು ಲಕ್ಷದ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ತ್ಯಾಜ್ಯದ ಪೀಪಾಯಿಗಳನ್ನಿಟ್ಟರು. ಅನಂತರ ಗಣಿಗೆ ನೀರು ನುಗ್ಗತೊಡಗಿತು. ಈಗ ಆ ಪೀಪಾಯಿಗಳನ್ನೆಲ್ಲ ಮತ್ತೆ ಮೇಲಕ್ಕೆ ತೆಗೆಯಬೇಕೆಂದು ಆ ದೇಶವೇ ಶಾಸನ ಮಾಡಿಕೊಂಡಿದೆ. ಇದಲ್ಲದೆ ಕೋಲಾರದವರ ಕಣ್ಣಮುಂದೆ ಇನ್ನೊಂದು ಪ್ರತ್ಯಕ್ಷ ಪ್ರಮಾಣವಿತ್ತು. ಚಿನ್ನ ತೆಗೆದ ಮೇಲೆ ಉಳಿದ ಪುಡಿಯನ್ನು ಯಾವ ಬಂಧನವೂ ಇಲ್ಲದೆ ರಾಶಿ ಹಾಕಿದ ಸಯನೈಡ್ ದಿಬ್ಬಗಳು ಇಂದಿಗೂ ಊರ ಮಧ್ಯೆ ನಿಂತಿವೆ. ಗಾಳಿ ಬೀಸಿದಾಗ ಅವುಗಳ ದೂಳು ಮನೆಗಳೊಳಕ್ಕೆ ಬರುತ್ತದೆ. ಲಾಭವನ್ನು ಒಯ್ದವರು ಶೇಷವನ್ನು ಹೇಗೆ ಬಿಟ್ಟುಹೋಗುತ್ತಾರೆಂಬುದನ್ನು ಕಂಡ ಜನಕ್ಕೆ ಮತ್ತೊಂದು ಶೇಷವನ್ನು ನಂಬಿ ಇಟ್ಟುಕೊಳ್ಳಿರೆಂದು ಹೇಳುವಾಗ, ಹೇಳುವವರಿಗೆ ಕೊಂಚ ವಿನಯವಿರಬೇಕು.

ಮಲೆನಾಡಿನ ಅನುಭವವೂ ಇದನ್ನೇ ಸಾರುತ್ತದೆ. ಲಿಂಗನಮಕ್ಕಿಯ ಅಣೆಕಟ್ಟು 1964ರಲ್ಲಿ ಮುಗಿಯಿತು. ಆಗ ಒಕ್ಕಲೆದ್ದು ಬಂದವರ ಮಕ್ಕಳು, ಮೊಮ್ಮಕ್ಕಳು ಇಂದೂ ಹಕ್ಕುಪತ್ರಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದಾರೆ. ಕಂದಾಯ ಇಲಾಖೆಯ ಕಾಗದ ಒಂದು ನುಡಿದರೆ ಅರಣ್ಯ ಇಲಾಖೆಯ ಕಾಗದ ಇನ್ನೊಂದು ನುಡಿಯುತ್ತದೆ. ಅರುವತ್ತು ವರ್ಷಗಳ ಹಿಂದೆ ಯಾರಿಗೆ ಎಲ್ಲಿ ಎಷ್ಟು ಭೂಮಿಯನ್ನು ಕೊಟ್ಟೆವೆಂಬುದನ್ನು ನಿಸ್ಸಂದಿಗ್ಧವಾಗಿ ಹೇಳಲಾರದ ಆಡಳಿತವು, ಯಾವ ಕಂದಕದಲ್ಲಿ ಯಾವ ಪೀಪಾಯಿ ಇದೆ, ಅದರೊಳಗೆ ಏನಿದೆ, ಯಾವಾಗ ಮುಚ್ಚಿದೆವು ಎಂಬುದನ್ನು ಮುನ್ನೂರು ವರ್ಷಗಳವರೆಗೆ ನೆನಪಿಡುತ್ತದೆಂದು ನಾವು ಹೇಗೆ ನಂಬಬೇಕು? ಅಣುಶಕ್ತಿ ಇಲಾಖೆಯ ಶಿಸ್ತು ಬೇರೆ, ಕಂದಾಯ ಇಲಾಖೆಯ ಶಿಸ್ತು ಬೇರೆ ಎಂದು ಉತ್ತರ ಕೊಡಬಹುದು. ಇಂದಿಗೆ ಅದು ನಿಜವಿರಬಹುದು. ಆದರೆ ಮುನ್ನೂರು ವರ್ಷವೆಂಬುದು ಯಾವ ಇಲಾಖೆಯ ಆಯುಸ್ಸಿಗೂ ಮೀರಿದ್ದು. ಈಗ್ಗೆ ಮುನ್ನೂರು ವರ್ಷಗಳ ಹಿಂದೆ ಈ ಸೀಮೆ ಕೆಳದಿಯ ನಾಯಕರ ಆಳ್ವಿಕೆಯಲ್ಲಿತ್ತು. ಅಂದಿನಿಂದ ಎಷ್ಟು ಪ್ರಭುತ್ವಗಳು ಬಂದು ಹೋದುವೆಂಬುದನ್ನು ಎಣಿಸಿದರೆ, ದಾಖಲೆಯೊಂದು ಒಂದೇ ಕೈಯಲ್ಲಿರುವುದು ಎಷ್ಟು ಅಪಾಯಕರವೆಂಬುದು ತಿಳಿದೀತು.

ದೀರ್ಘಕಾಲದ ದಾಖಲೆ ಅಸಾಧ್ಯವೆಂದು ನಾನು ಹೇಳುತ್ತಿಲ್ಲ. ಇದೇ ಜಿಲ್ಲೆಯ ತಾಳಗುಂದದ ಕಂಬದ ಮೇಲೆ ಕದಂಬರ ಕಾಲದ ಶಾಸನ ಸಾವಿರದೈನೂರು ವರ್ಷಗಳಿಂದ ನಿಂತಿದೆ. ಆದರೆ ಅಕ್ಷರ ಉಳಿದಿದ್ದರೂ, ವಿದ್ವಾಂಸರು ಓದಿ ಪ್ರಕಟಿಸುವವರೆಗೆ ಆ ಊರವರಿಗೇ ಅದರ ಅರ್ಥ ದುರ್ಗಮವಾಗಿತ್ತು. ದಾಖಲೆ ಬಾಳಬೇಕಾದರೆ ಕಲ್ಲಿನ ಗಟ್ಟಿತನ ಸಾಲದು. ಅದನ್ನು ಓದಿ, ನಕಲು ಮಾಡಿ, ಮುಂದಿನವರಿಗೆ ಒಪ್ಪಿಸುವ ಸಮುದಾಯ ಬೇಕು. ಆ ಸಮುದಾಯವೆಂದರೆ ಸ್ಥಾವರದ ಸುತ್ತಲ ಊರುಗಳ ಜನ, ಅವರ ಶಾಲೆಗಳು, ಅವರ ಪಂಚಾಯಿತಿಗಳು, ನಾಡಿನ ವಿಶ್ವವಿದ್ಯಾನಿಲಯಗಳು.

ದಾಖಲೆಯ ಶಿಥಿಲತೆಯಿಂದ ಎಂಥ ಹಾನಿಯಾದೀತೆಂಬುದಕ್ಕೆ ಲೋಕದಲ್ಲಿ ನಿದರ್ಶನಗಳುಂಟು. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ, ಆರುನೂರೈವತ್ತು ಮೀಟರ್ ಆಳದ ಉಪ್ಪಿನ ಪದರದಲ್ಲಿರುವ ನಿಕ್ಷೇಪದೊಳಗೆ, 2014ರ ಫೆಬ್ರವರಿ 14ರಂದು ಒಂದು ಪೀಪಾಯಿ ಒಳಗಿನ ಕಾವಿನಿಂದ ಬಿರಿದು ವಿಕಿರಣ ಹೊರಬಿತ್ತು. ಕಾರಣ ಶಿಲೆಯ ದೋಷವಲ್ಲ, ಲೋಹದ ದೋಷವಲ್ಲ. ತ್ಯಾಜ್ಯದ ತೇವವನ್ನು ಹೀರಲು ಬಳಸುತ್ತಿದ್ದ ಜೇಡಿಯ ಪುಡಿಗೆ ಬದಲಾಗಿ, ಗೋಧಿಯಿಂದ ಮಾಡಿದ ಪುಡಿಯನ್ನು ಯಾರೂ ಸರಿಯಾಗಿ ವಿಮರ್ಶಿಸದೆ ತುಂಬಿಬಿಟ್ಟಿದ್ದರು. ಅದು ನೈಟ್ರೇಟ್ ಲವಣಗಳೊಡನೆ ಸೇರಿ ಕಾವೇರಿತು. ಕೋಟ್ಯಂತರ ವರ್ಷ ಕದಲದ ಉಪ್ಪಿನ ಪದರವನ್ನು ಆರಿಸಿ, ಮಹಾಯತ್ನದಿಂದ ಸುರಂಗ ಕೊರೆದವರು, ಪೀಪಾಯಿಗೆ ಏನನ್ನು ತುಂಬಿದೆವೆಂಬ ಲೆಕ್ಕದಲ್ಲಿ ತಪ್ಪಿದರು. ನಿಕ್ಷೇಪದ ಕೆಲಸ ಸುಮಾರು ಮೂರು ವರ್ಷ ನಿಂತುಹೋಯಿತು.

ಇನ್ನೊಂದು ನಿದರ್ಶನ ನಮ್ಮ ದೇಶದ್ದೇ, ಭದ್ರಾವತಿಗೆ ನೇರವಾಗಿ ಸಂಬಂಧಿಸಿದ್ದು. 2010ರಲ್ಲಿ ದೆಹಲಿಯ ವಿಶ್ವವಿದ್ಯಾನಿಲಯದಲ್ಲಿ ಬಹುಕಾಲದಿಂದ ಬಳಕೆಯಿಲ್ಲದೆ ಬಿದ್ದಿದ್ದ, ಕೋಬಾಲ್ಟ್-60 ತುಂಬಿದ ಉಪಕರಣವೊಂದು ಹರಾಜಿನಲ್ಲಿ ಗುಜರಿಗೆ ಹೋಯಿತು. ಮಾಯಾಪುರಿಯ ಗುಜರಿ ಅಂಗಡಿಯಲ್ಲಿ ಅದನ್ನು ಬಿಚ್ಚಿದವರು ವಿಕಿರಣಕ್ಕೆ ತುತ್ತಾದರು. ಒಬ್ಬ ಕೆಲಸಗಾರ ಪ್ರಾಣ ಬಿಟ್ಟ. ಅದಕ್ಕೆ ಎರಡು ವರ್ಷ ಮುಂಚೆ, ಭಾರತದ ಉಕ್ಕಿನಿಂದ ಮಾಡಿದ ಲಿಫ್ಟಿನ ಗುಂಡಿಗಳಲ್ಲಿ ಕೋಬಾಲ್ಟ್-60 ಬೆರೆತಿರುವುದು ಫ್ರಾನ್ಸಿನಲ್ಲಿ ಪತ್ತೆಯಾಗಿತ್ತು. ವಿಶ್ವೇಶ್ವರಯ್ಯನವರ ಕಾಲದಲ್ಲಿ ಕಬ್ಬಿಣದ ಕಾರ್ಖಾನೆಯನ್ನು ಪಡೆದ ಭದ್ರಾವತಿಯಿಂದ ಶಿವಮೊಗ್ಗದವರೆಗೆ, ಮಾಚೇನಹಳ್ಳಿಯನ್ನೊಳಗೊಂಡು, ಎರಕದ ಕಾರ್ಖಾನೆಗಳು ಹಬ್ಬಿವೆ. ಎರಕದ ಕುಲುಮೆಗೆ ಗುಜರಿಯೇ ಆಹಾರ. ಆಸ್ಪತ್ರೆಗಳಲ್ಲಿ, ಬೆಸುಗೆಯನ್ನು ಪರೀಕ್ಷಿಸುವ ಕಾರ್ಯಾಗಾರಗಳಲ್ಲಿ ವಿಕಿರಣದ ಮೂಲಗಳು ಬಳಕೆಯಲ್ಲಿವೆ. ಬಳಕೆ ಮುಗಿದ ಮೇಲೆ ಅವನ್ನು ನಿಯಮದಂತೆ ಹಿಂದಿರುಗಿಸಿ ಬಂಧಿಸದಿದ್ದರೆ, ಅವು ಗುಜರಿಯವನ ಗಾಡಿಯಲ್ಲಿ ಯಾವ ಊರಿಗೆ ಬೇಕಾದರೂ ಬಂದಾವು. ಆದುದರಿಂದ ಅಣುತ್ಯಾಜ್ಯವೆಂದರೆ ಕೈಗಾದ ಬೇಲಿಯೊಳಗಿನ ಮಾತು ಮಾತ್ರವೆಂದು ನಮ್ಮ ಜಿಲ್ಲೆಯವರು ನಿಶ್ಚಿಂತರಾಗಿರಲಾಗದು.

ಇನ್ನು ಸಮ್ಮತಿಯ ಮಾತು. ಜನರನ್ನು ಕೇಳಿದರೆ ಅವರು ಎಂದೆಂದಿಗೂ ಒಪ್ಪಲಾರರು, ಆದುದರಿಂದ ಕೇಳದಿರುವುದೇ ಕ್ಷೇಮವೆಂಬುದು ಅಧಿಕಾರದಲ್ಲಿರುವ ಅನೇಕರ ಅಂತರಂಗದ ಮತ. ಫಿನ್ಲೆಂಡಿನ ಇತಿಹಾಸ ಇದನ್ನು ಖಂಡಿಸುತ್ತದೆ. ಅಲ್ಲಿನ ಕಾನೂನಿನ ಪ್ರಕಾರ ನಿಕ್ಷೇಪವನ್ನು ಬೇಡವೆನ್ನುವ ಸಂಪೂರ್ಣ ಅಧಿಕಾರ ಸ್ಥಳೀಯ ಪುರಸಭೆಗಿತ್ತು. ಎಉರಾಯೋಕಿ ಎಂಬ ಚಿಕ್ಕ ಊರಿನ ಸಭೆ 2000ನೆಯ ಇಸವಿಯಲ್ಲಿ ಚರ್ಚಿಸಿ, ಮತ ಹಾಕಿ, ಬಹುಮತದಿಂದ ಸಮ್ಮತಿಸಿತು. 2001ರ ಮೇ ತಿಂಗಳಲ್ಲಿ ಆ ದೇಶದ ಪಾರ್ಲಿಮೆಂಟು ಕೇವಲ 3 ಮತಗಳಿಗೆ ಎದುರಾಗಿ 159 ಮತಗಳಿಂದ ಅದನ್ನು ಸ್ಥಿರೀಕರಿಸಿತು. ಬೇಡವೆನ್ನಲು ಹಕ್ಕಿದ್ದ ಜನ ಬೇಕೆಂದರು. ಅಂಥ ಹಕ್ಕಿಲ್ಲದ ಕೋಲಾರದ ಜನ ಬೀದಿಗಿಳಿದರು. ಈ ಎರಡು ಚರಿತ್ರೆಗಳ ಅಂತರಕ್ಕೆ ಶಿಲೆಯಾಗಲಿ ವಿಜ್ಞಾನವಾಗಲಿ ಕಾರಣವಲ್ಲ.

ಇತ್ತ ಅಣುಶಕ್ತಿಯನ್ನೇ ವಿರೋಧಿಸುವ ಮಿತ್ರರಿಗೂ ಒಂದು ಮಾತು ಹೇಳಬೇಕು. ಕೈಗಾ ಯೋಜನೆಯನ್ನು ಎದುರಿಸಿ ಶಿವರಾಮ ಕಾರಂತರು 1989ರಲ್ಲಿ ಲೋಕಸಭೆಯ ಚುನಾವಣೆಗೇ ನಿಂತರು. ಗೆಲ್ಲಲಿಲ್ಲವಾದರೂ, ಪ್ರಶ್ನೆ ಕೇಳುವ ಧೈರ್ಯವನ್ನು ನಾಡಿಗೆ ಕೊಟ್ಟರು. ಆ ಪರಂಪರೆ ನಮಗೆ ಅಮೂಲ್ಯ. ಆದರೆ ಇನ್ನು ಮುಂದೆ ಸ್ಥಾವರಗಳು ಬೇಕೆ ಬೇಡವೆ ಎಂಬ ಚರ್ಚೆ ಹೇಗೇ ಮುಗಿಯಲಿ, ಈಗಾಗಲೇ ಹುಟ್ಟಿರುವ ತ್ಯಾಜ್ಯ ಹುಟ್ಟಿಯೇ ಇದೆ. ನಾಳೆಯೇ ಕೈಗಾವನ್ನು ನಿಲ್ಲಿಸಿದರೂ ಕಾಲು ಶತಮಾನದ ಶೇಷ ನಮ್ಮ ಕೈಯಲ್ಲಿರುತ್ತದೆ. ಎಲ್ಲಿಯೂ ಬೇಡವೆಂಬ ಒಂದೇ ಘೋಷಣೆಯ ಪರಿಣಾಮವೇನೆಂದರೆ, ಅದು ಆಳವಾದ ಶಿಲೆಗೆ ಹೋಗಬೇಕಾದಲ್ಲಿ ಮೇಲ್ನೆಲದ ಕಟ್ಟಡಗಳಲ್ಲಿಯೇ ಅನಿರ್ದಿಷ್ಟಕಾಲ ಉಳಿಯುತ್ತದೆ. ಹೊಣೆ ನಮ್ಮಿಂದ ಇಳಿದು ಮೊಮ್ಮಕ್ಕಳ ಹೆಗಲಿಗೇರುತ್ತದೆ. ಭೂಗರ್ಭ ನಿಕ್ಷೇಪಕ್ಕೆ ಈಗಲೇ ಅವಸರವಿಲ್ಲವೆಂದು ಸರ್ಕಾರ ಹೇಳುವುದರಿಂದಲೂ ಆಗುವುದು ಇದೇ. ಗಾಜು ತಣಿಯುವವರೆಗೆ ಕಾಯುವುದು ವಿವೇಕ. ಆ ಕಾಲವನ್ನು ಜನರೊಡನೆ ಮಾತನಾಡಲು ಬಳಸದೆ ಕಳೆಯುವುದು ಆಲಸ್ಯ.

ಆದುದರಿಂದ ಮಾಡತಕ್ಕದ್ದು ಏನೆಂಬುದನ್ನು ನಿಷ್ಕರ್ಷೆಯಾಗಿ ಹೇಳುತ್ತೇನೆ. ಕೈಗಾದ ಆವರಣದಲ್ಲಿ ಈವರೆಗೆ ಏನನ್ನು, ಎಷ್ಟನ್ನು, ಯಾವ ರೂಪದಲ್ಲಿ ಬಂಧಿಸಿ, ಎಲ್ಲಿ ಇಡಲಾಗಿದೆ, ಸುತ್ತಣ ಬಾವಿಗಳ ನೀರಿನಲ್ಲಿ ಏನು ಕಂಡಿದೆ ಎಂಬ ವಿವರವನ್ನು ಪ್ರತಿವರ್ಷ ಕನ್ನಡದಲ್ಲಿ ಪ್ರಕಟಿಸಬೇಕು. ಅಲ್ಲಿನ ಪರಿಸರ ಸಮೀಕ್ಷಾ ಪ್ರಯೋಗಾಲಯ ಅಳತೆಗಳನ್ನು ಮಾಡುತ್ತಲೇ ಇದೆ. ಮಾಡಿದ ಅಳತೆಯನ್ನು ಹಳ್ಳಿಯ ಓದುಗನಿಗೆ ತಿಳಿಯುವಂತೆ ಹೇಳುವುದು ಕಷ್ಟದ ಕೆಲಸವಲ್ಲ. ಆ ದಾಖಲೆಯ ಪ್ರತಿಗಳು ಮುಂಬಯಿಯಲ್ಲಿ ಮಾತ್ರವಲ್ಲದೆ ಸ್ಥಾವರದ ನೆರೆಯ ಗ್ರಾಮ ಪಂಚಾಯಿತಿಗಳಲ್ಲಿ, ರಾಜ್ಯದ ಪತ್ರಾಗಾರದಲ್ಲಿ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯವೂ ಸೇರಿದಂತೆ ನಾಡಿನ ವಿಶ್ವವಿದ್ಯಾನಿಲಯಗಳಲ್ಲಿ ಇರಬೇಕು; ಕಾಲಕಾಲಕ್ಕೆ ಅವನ್ನು ಹೊಸದಾಗಿ ನಕಲು ಮಾಡಿ ಒಪ್ಪಿಸುವುದು ಕಾನೂನಿನ ವಿಧಿಯಾಗಬೇಕು. ಭೂಗರ್ಭ ನಿಕ್ಷೇಪಕ್ಕಾಗಿ ಯಾವ ತಾಲ್ಲೂಕಿನ ಶಿಲೆಯನ್ನು ಪರೀಕ್ಷಿಸುವುದಾದರೂ, ಕೊರೆಯುವ ಯಂತ್ರ ಬರುವ ಮೊದಲು ಗ್ರಾಮಸಭೆಗೆ ವಿಷಯ ಬರಬೇಕು. ಬೇಡವೆನ್ನುವ ಅಧಿಕಾರ ಆ ಸಭೆಗೆ ಶಾಸನಬದ್ಧವಾಗಿ ಇರಬೇಕು. ಗುಜರಿಯನ್ನು ಕರಗಿಸುವ ಪ್ರತಿಯೊಂದು ಕಾರ್ಖಾನೆಯ ಬಾಗಿಲಲ್ಲಿಯೂ ವಿಕಿರಣವನ್ನು ಪತ್ತೆ ಹಚ್ಚುವ ಉಪಕರಣವಿರಬೇಕು. ಚಿಕ್ಕ ಕಾರ್ಖಾನೆಗಳಿಗೆ ಅದರ ವೆಚ್ಚವನ್ನು ಸರ್ಕಾರ ಭರಿಸಬೇಕು.

ಇವುಗಳಲ್ಲಿ ಒಂದಕ್ಕೂ ಹೊಸ ವಿಜ್ಞಾನದ ಆವಶ್ಯಕತೆಯಿಲ್ಲ. ಸಾವಿರ ಡಿಗ್ರಿಯ ಕಾವಿನಲ್ಲಿ ವಿಷವನ್ನು ಗಾಜಾಗಿಸಬಲ್ಲ ದೇಶಕ್ಕೆ, ವರ್ಷಕ್ಕೊಂದು ವರದಿಯನ್ನು ಕನ್ನಡದಲ್ಲಿ ಬರೆಯುವುದು ಅಸಾಧ್ಯವಾಗಲಾರದು. ಕೈಗಾದ ಹೊಸ ಘಟಕಗಳು ಎದ್ದು ನಿಲ್ಲುವ ಮೊದಲೇ ಮೊದಲನೆಯ ವರದಿ ಹೊರಬರಲಿ ಎಂದು ಕೇಳುವುದು, ಅದಕ್ಕಾಗಿ ನಮ್ಮ ಶಾಸಕರನ್ನೂ ಸಂಸದರನ್ನೂ ಒತ್ತಾಯಿಸುವುದು, ಕಾರವಾರದವರದಷ್ಟೇ ನಮ್ಮ ಕರ್ತವ್ಯವೂ ಹೌದು. ಏಕೆಂದರೆ ಆ ವಿದ್ಯುತ್ತನ್ನು ಬಳಸುತ್ತಿರುವವರು ನಾವು, ಅದರ ಶೇಷವನ್ನು ಕಾಯಬೇಕಾದವರು ನಮ್ಮ ಮುಂದಿನ ಹತ್ತು ತಲೆಮಾರಿನವರು. ಅವರಿಗೆ ಭದ್ರವಾದ ಪೀಪಾಯಿಯೊಡನೆ ಪ್ರಾಮಾಣಿಕವಾದ ಲೆಕ್ಕವನ್ನೂ ಒಪ್ಪಿಸಿ ಹೋಗುವ ಸಾಲ ನಮ್ಮ ಮೇಲಿದೆ.